ಅಮಲ್ದಾರನಿಗೊಂದು ಮುದ್ದೆ

ಅಕ್ಕಿ ಮಿಲ್ಲಿನ ಯಜಮಾನಿಯ ಬಿಳಿ ನಾಯಿ ಪಿಂಕಿಯ ಕೋರೆಹಲ್ಲು ಕಿತ್ತ ದಿನ ನನ್ನ ಬಾಯಿಂದ ಒಂದು ಹನಿ ರಕ್ತವೂ ಬರಲಿಲ್ಲ. ನೋವು ಮಾತ್ರ ಪೂರ್ತಿ ನನ್ನದು. ಪಿಂಕಿ ಬಾಲ ಅಲ್ಲಾಡಿಸುತ್ತಾ ಡಾಕ್ಟರ ಇಕ್ಕಳವನ್ನೇ ನೆಕ್ಕಲು ನೋಡುತ್ತಿತ್ತು. ನಾನು ಪಕ್ಕದ ಮಂಚದ ಮೇಲೆ ದವಡೆ ಹಿಡಿದುಕೊಂಡು ಸೂರಿನ ತೊಲೆಗಳನ್ನು ಎಣಿಸುತ್ತಿದ್ದೆ. ಯಜಮಾನಿ ಹೊರಗೆ ಬೆಂಚಿನ ಮೇಲೆ ಕೂತು ಬಾದಾಮಿ ಹಾಲು ಕುಡಿಯುತ್ತಿದ್ದರು. ಇದರಲ್ಲಿ ಅನ್ಯಾಯವೇನೂ ಇರಲಿಲ್ಲ. ಪಿಂಕಿಗೆ ಕೊನೆಯ ಬಿಸ್ಕತ್ತು ತಿನ್ನಿಸಿದ್ದು ನನ್ನ ಕೈ, ಅದಕ್ಕೆ ಕೂಲಿ ಇಸಿದುಕೊಂಡದ್ದೂ ಅದೇ ಕೈ.

ನಮ್ಮ ಊರಿಗೆ ದಿನಕ್ಕೆ ಎರಡು ಸಲ ಬಸ್ಸು ಬರುತ್ತದೆ. ಅದರ ಹಣೆಯ ಮೇಲಿನ ಬೋರ್ಡು ಖಾಲಿ. ಇಳಿಯಬೇಕಾದವರಿಗೆ ಊರು ಗೊತ್ತೇ ಇರುತ್ತದೆ, ಉಳಿದವರು ಹತ್ತುವುದಿಲ್ಲ. ಈ ಊರಿನಲ್ಲಿ ಪ್ರಾಣಿಯ ನೋವು ಅದಕ್ಕೆ ಕೊನೆಯ ತುತ್ತು ತಿನ್ನಿಸಿದ ಕೈಗೆ ಸೇರಿದ್ದು. ಬೇರೆ ಯಾರಾದರೂ ತಿನ್ನಿಸುವ ತನಕ ಅದು ಅವರದ್ದೇ. ಕಾಯಿಲೆ ಪ್ರಾಣಿಗೆ, ನೋವು ಕೈಗೆ. ಹಾಗಾಗಿ ನಮ್ಮಲ್ಲಿ ಯಾರಾದರೂ ಕುಂಟಿಕೊಂಡು ಬಂದರೆ 'ಕಾಲಿಗೇನಾಯ್ತು' ಎಂದು ಯಾರೂ ಕೇಳುವುದಿಲ್ಲ. 'ಮೇಕೆಗೇನಾಯ್ತು' ಎಂದು ಕೇಳುತ್ತಾರೆ. ಹೆಣ್ಣು ನೋಡಲು ಬಂದ ಗಂಡಿನ ಕಡೆಯವರು ಹಾಡು ಹೇಳಿಸುವುದಿಲ್ಲ, 'ಮನೇಲಿ ದನ ಎಷ್ಟು, ತಿನ್ಸೋರು ಯಾರು' ಎಂದು ವಿಚಾರಿಸಿಕೊಳ್ಳುತ್ತಾರೆ. ಒಂದು ಮನೆಯಲ್ಲಿ ಒಂದೇ ಕೈ ತಿನ್ನಿಸಬೇಕು ಅನ್ನುವುದು ಹಿರಿಯರ ಕಾಲದ ಕಟ್ಟಳೆ. ಹತ್ತು ಜನ ತಿನ್ನಿಸಿದರೆ ನೋವು ಯಾರಲ್ಲಿದೆ ಎಂದು ಹುಡುಕುತ್ತಾ ಕೂರುವುದು ಯಾರಿಗೆ ಬೇಕು? ನೋವೇ ಬೇಡ ಅನ್ನುವವರು ಸೌಟಿನಲ್ಲಿ ಹಾಕುತ್ತಾರೆ. ಸೌಟಿಗೆ ನೋವಾಗುವುದಿಲ್ಲವಲ್ಲ, ಆಗ ಪ್ರಾಣಿಯ ನೋವು ಪ್ರಾಣಿಗೇ. ಬೀದಿ ನಾಯಿಗಳು, ಗೋಡೆ ಬೆಕ್ಕುಗಳು ಎಲ್ಲ ಸೌಟಿನ ಗಿರಾಕಿಗಳು.

ನಮ್ಮ ದನದ ಡಾಕ್ಟರು ಅಶ್ವತ್ಥಯ್ಯನವರು ಪುಣ್ಯವಂತರು. ಬೇರೆ ಊರಿನಲ್ಲಿ ದನದ ಡಾಕ್ಟರಿಗೆ ರೋಗಿ ಬಾಯಿ ಬಿಡುವುದಿಲ್ಲ. ಇಲ್ಲಿ ಎಮ್ಮೆಯ ಯಜಮಾನನನ್ನು ಬೆಂಚಿನ ಮೇಲೆ ಮಲಗಿಸಿ, ಹೊಟ್ಟೆ ಒತ್ತಿ, "ಇಲ್ಲಿ ನೋಯುತ್ತಾ? ಇಲ್ಲಿ?" ಎಂದು ಕೇಳಿದರೆ ಸಾಕು. ಆಮೇಲೆ ಮಾತ್ರೆಯನ್ನು ಎಮ್ಮೆಗೆ ಕೊಡುತ್ತಾರೆ. ಅವರ ಫೀಸು ಒಂದು ಹೊತ್ತಿನ ಕಾಫಿ ತಿಂಡಿಗಿಂತ ಹೆಚ್ಚಿಲ್ಲ. ಆದರೆ ಕತ್ತರಿ ಹಿಡಿಯಬೇಕಾದ ಕಾಯಿಲೆ ಬಂದರೆ ಅವರದೊಂದು ಹಟ: ಕೈ ಇಲ್ಲದೆ ಕತ್ತರಿ ಇಲ್ಲ. ನೋವು ತಿನ್ನುತ್ತಿರುವ ಪ್ರಾಣಿಯನ್ನು ಅವರು ಕುಯ್ಯುವುದಿಲ್ಲ. ಮಂಪರು ಮದ್ದು ನಮ್ಮ ಊರಿನ ನೀರಿಗೆ ಹತ್ತುವುದಿಲ್ಲ, ಪ್ರಾಣಿಗೂ ಅಷ್ಟೆ, ಮನುಷ್ಯರಿಗೂ ಅಷ್ಟೆ. ಅಂದ ಮೇಲೆ ಯಾರಾದರೂ ಎಚ್ಚರವಾಗಿದ್ದುಕೊಂಡೇ ತಡೆದುಕೊಳ್ಳಬೇಕು.

ಆ ಯಾರಾದರೂ ಅಂದರೆ ನಾನು. ದುಂಡಮ್ಮ. ಊರಿಗೆಲ್ಲ ತುತ್ತಿನ ದುಂಡಮ್ಮ. ಇಪ್ಪತ್ತೆರಡು ವರ್ಷದ ಕಸುಬು. ಹಲ್ಲು, ಕೊಂಬು, ಗೊರಸು, ಮುರಿದ ಮೂಳೆ, ಅಡ್ಡಡ್ಡ ಬಂದ ಕರು, ನಾನು ತಿನ್ನದ ನೋವಿಲ್ಲ. ಅಕ್ಕಸಾಲಿ ಬಂಗಾರವನ್ನು ಉಜ್ಜಿ ನೋಡಿ ಹೇಳುವ ಹಾಗೆ ನಾನು ನೋವನ್ನು ಹೇಳಬಲ್ಲೆ, ಇದು ಹಸುವಿನದು, ಇದು ಕುದುರೆಯದು, ಇದು ಬರೀ ಹೆದರಿಕೆಯದು ಎಂದು. ನನಗೆ ಅದರ ಬಗ್ಗೆ ಜಂಬ ಇತ್ತು, ಸುಳ್ಳು ಯಾಕೆ ಹೇಳಲಿ. ನನ್ನ ಕೂಲಿ ಹೆಚ್ಚು ಎಂದು ಜನ ಹಿಂದೆ ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ, ಹೊಟ್ಟೆ ಕುಯ್ಸಿಕೊಂಡವಳಿಗೆ ಗೊತ್ತು ಎಂದು ನಾನೂ ಸುಮ್ಮನಿದ್ದೆ. ನನ್ನ ಕಸುಬಿನವರು ಪ್ರಾಣಿ ಸಾಕುವ ಹಾಗಿಲ್ಲ, ಕೈ ಖಾಲಿ ಇರಬೇಕು. ನನ್ನ ಹಿತ್ತಿಲ ಗೋಡೆಯ ಮೇಲೆ ಒಂದು ಬೂದು ಬೆಕ್ಕು ದಿನಾ ಬಂದು ಕೂರುತ್ತಿತ್ತು. ಅದಕ್ಕೆ ಹಾಲನ್ನವನ್ನು ಸೌಟಿನಲ್ಲೇ ಸುರಿದು ಒಳಗೆ ಬಂದುಬಿಡುತ್ತಿದ್ದೆ. ಅದು ಯಾವತ್ತೂ ಗುರುಗುಟ್ಟಿದ್ದು ನಾನು ಕೇಳಿರಲಿಲ್ಲ. ಮುಖ ಸಿಂಡರಿಸಿಕೊಂಡ ಬೆಕ್ಕು, ಅದರ ಸ್ವಭಾವ ಹಾಗೆ ಅಂದುಕೊಂಡಿದ್ದೆ.

ಒಂದು ಬೆಳಗ್ಗೆ ಸಾಣೆ ಚೌರಪ್ಪ ಬಾಗಿಲಿಗೆ ಬಂದ. ಎಪ್ಪತ್ತು ದಾಟಿದ ಮುದುಕ, ತಳ್ಳುಗಾಡಿಯ ಮೇಲೆ ಸಾಣೆಕಲ್ಲು ಇಟ್ಟುಕೊಂಡು, ಗಂಟೆ ಅಲ್ಲಾಡಿಸುತ್ತಾ ಬೀದಿ ಬೀದಿ ತಿರುಗಿ ಊರಿನ ಚಾಕು, ಕತ್ತರಿ, ಈಳಿಗೆಮಣೆಗಳನ್ನು ಹರಿತ ಮಾಡುವವನು. ಗಾಡಿಯ ಜೊತೆಗೆ ಅವನ ನಾಯಿ ಅಮಲ್ದಾರ. ಕಂದು ಬಣ್ಣ, ಬಿಳಿ ಹುಬ್ಬು. ಯಾರನ್ನು ನೋಡಿದರೂ 'ಅರ್ಜಿ ತಂದಿದ್ದೀಯಾ' ಅನ್ನುವಂಥ ಮುಖ. ಅಂದು ಅಮಲ್ದಾರ ನನ್ನ ಜಗಲಿಯ ಮೇಲೆ ಗತ್ತಾಗಿ ಕುಳಿತಿದ್ದ. ಚೌರಪ್ಪ ಮಾತ್ರ ಎಡಗಡೆ ಪಕ್ಕೆಯ ಕೆಳಗೆ ಕೈ ಒತ್ತಿಕೊಂಡು ಅರ್ಧಕ್ಕೆ ಬಗ್ಗಿದ್ದ.

"ಎಷ್ಟು ದಿನದಿಂದ ಚೌರಣ್ಣ?" ಎಂದೆ.

"ಎರಡು ತಿಂಗಳಾಯ್ತು ಕಣವ್ವ. ಒಳಗೆ ಗೆಡ್ಡೆ ಬೆಳೆದೈತಂತೆ. ತೆಗೆದ್ರೆ ಉಳೀತಾನೆ, ಬಿಟ್ರೆ ದೀಪಾವಳಿ ನೋಡಕ್ಕಿಲ್ಲ ಅಂದ್ರು ಡಾಕ್ಟ್ರು. ನಾನೇ ತಡ್ಕೊತೀನಿ ಕುಯ್ಯಿ ಸ್ವಾಮಿ ಅಂದೆ. ನಿನ್ನ ಎದೆ ನಿಂತೋಯ್ತದೆ, ನಾಯಿ ಉಳಿಸಕ್ಕೋಗಿ ನಿನ್ನ ಹೂಳ್ಬೇಕಾಯ್ತದೆ ಅಂತ ಬೈದ್ರು."

ನಾನು ಅಭ್ಯಾಸಬಲದಿಂದ ನನ್ನ ಕೂಲಿ ಹೇಳಿದೆ. "ಹೊಟ್ಟೆ ಕುಯ್ಯೋದು ಅಂದ್ರೆ ಎರಡು ಸಾವಿರ ಆಯ್ತದೆ."

ಅವನು ಚೌಕಾಸಿ ಮಾಡಲಿಲ್ಲ. ತಲೆ ಆಡಿಸಿದ. ಚೌಕಾಸಿ ಮಾಡಿದ್ದರೆ ನಾನೂ ಇಳಿಯುತ್ತಿದ್ದೆ, ಆ ಮುದುಕ ಅದಕ್ಕೂ ಅವಕಾಶ ಕೊಡಲಿಲ್ಲ. ಗಾಡಿ ತಿರುಗಿಸಿಕೊಂಡು ಹೊರಟವನನ್ನು ನೋಡಲಾರದೆ ನಾನೇ ಬುದ್ಧಿ ಹೇಳಲು ಹೋದೆ. "ಚೌರಣ್ಣ, ದುಡ್ಡು ಹೊಂದೋತಂಕ ಸೌಟಲ್ಲಾದ್ರೂ ಹಾಕು. ನಿನ್ನ ಪ್ರಾಣ ಯಾಕೆ ತೇಯ್ಕೊತೀಯ?"

ಅವನು ನಿಂತು ಹಿಂದಿರುಗಿ ನೋಡಿದ. ಕೋಪವಿರಲಿಲ್ಲ. "ಹದಿಮೂರು ವರ್ಷ ನನ್ನ ಕೈಯಾಗೆ ತಿಂದವ್ನೆ. ಈಗ ಸೌಟು ಹಿಡಿದ್ರೆ, ನಾನೇನು ತಪ್ಪು ಮಾಡ್ದೆ ಅಂತ ನನ್ನ ಮುಖ ನೋಡಲ್ವಾ ದುಂಡವ್ವ?"

ಗಂಟೆಯ ಸದ್ದು ಬೀದಿಯ ಕೊನೆ ಮುಟ್ಟುವ ತನಕ ನಾನು ಹೊಸ್ತಿಲಲ್ಲೇ ನಿಂತಿದ್ದೆ. ಮೈಯಲ್ಲಿ ಯಾರ ನೋವೂ ಇರಲಿಲ್ಲ, ಆದರೂ ಎಲ್ಲೋ ಏನೋ ಚುಚ್ಚುತ್ತಿತ್ತು. ನಾಚಿಕೆ ಅನ್ನುವುದು ನನ್ನ ಪಟ್ಟಿಯಲ್ಲಿ ಇರದ ನೋವು, ಹೆಸರು ಹಚ್ಚಲು ಸ್ವಲ್ಪ ಹೊತ್ತು ಹಿಡಿಯಿತು. ಊರಿನಲ್ಲಿ ಬಡವರ ನಾಯಿ ಬೆಕ್ಕುಗಳು ಡಾಕ್ಟರ ಮನೆಯ ಮೆಟ್ಟಿಲು ಹತ್ತದೆ ಸಾಯುತ್ತಿದ್ದವು. ಜನ ಅದಕ್ಕೆ ಡಾಕ್ಟರನ್ನೋ ಹಣೆಬರಹವನ್ನೋ ಬೈಯುತ್ತಿದ್ದರು. ಆ ಮೆಟ್ಟಿಲಿಗೆ ಅಡ್ಡ ಕೂತಿದ್ದವಳು ನಾನು.

ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನೇರ ಡಾಕ್ಟರ ಹತ್ತಿರ ಹೋದೆ. "ಚೌರಣ್ಣನ ನಾಯಿಗೆ ನಾನು ತಿನ್ನಿಸ್ತೀನಿ. ಕೂಲಿ ಬೇಡ. ಈ ಗುರುವಾರವೇ ಕುಯ್ಯಿರಿ."

ಅಶ್ವತ್ಥಯ್ಯನವರು ನನ್ನ ರಟ್ಟೆಗೆ ಪಟ್ಟಿ ಸುತ್ತಿ ಬಿಪಿ ನೋಡಿದರು. ಇನ್ನೊಂದು ಸಲ ನೋಡಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಪಿಂಕಿ ಹಲ್ಲೇ ನಿಂಗೆ ಕೊನೇದು. ಇನ್ನು ಒಂದು ಉಗುರು ಕಿತ್ರೂ ನಾನು ಜವಾಬ್ದಾರನಲ್ಲ. ತಲೆ ಗಟ್ಟಿ ಇದೆ ಅಂತ ಬಂಡೆಗೆ ಹಾಯಬಾರ್ದು ದುಂಡಮ್ಮ."

"ಹಂಗಾದ್ರೆ ಅಮಲ್ದಾರ?"

ಅವರು ಕನ್ನಡಕ ಒರೆಸುತ್ತಾ ಕೂತರು. ಒರೆಸುವಂಥ ಕೊಳೆ ಅದರಲ್ಲಿ ಏನೂ ಇರಲಿಲ್ಲ.

ಅದಾಗಿ ಮೂರನೇ ದಿನಕ್ಕೆ ಪಕ್ಕದ ಮನೆ ಪುಟ್ಟಸಿದ್ದಮ್ಮನ ಮಗಳ ಬೀಗರೂಟ. ಮದುವೆಯ ಮಾರನೆಯ ದಿನ ಬೀಗರಿಗೆ ಬಾಡೂಟ ಹಾಕುವುದರಲ್ಲಿ ನಮ್ಮ ಊರು ಯಾರಿಗೂ ಕಡಿಮೆಯಿಲ್ಲ. ಹಿತ್ತಿಲಿನಲ್ಲಿ ಕೊಪ್ಪರಿಗೆಯ ತುಂಬ ರಾಗಿ ಹಿಟ್ಟು ಬೆಂದಿತ್ತು. ನಾವು ಹನ್ನೊಂದು ಹೆಂಗಸರು ಸಾಲಾಗಿ ಕೂತು ಮುದ್ದೆ ಕಟ್ಟುತ್ತಿದ್ದೆವು. ಮೊದಲನೆಯವಳು ಕೈ ಒದ್ದೆ ಮಾಡಿಕೊಂಡು ಬಿಸಿ ಹಿಟ್ಟು ತೆಗೆದು ಹದ ಮಾಡಿ ಪಕ್ಕದವಳಿಗೆ ದಾಟಿಸಬೇಕು, ಅವಳು ಒಂದು ಸುತ್ತು ತಿರುಗಿಸಿ ಮುಂದಕ್ಕೆ. ಹನ್ನೊಂದನೆಯವಳಾದ ನನ್ನ ಕೈಗೆ ಬರುವಷ್ಟರಲ್ಲಿ ಮುದ್ದೆ ನುಣ್ಣಗೆ ನನ್ನ ಹೆಸರಿಗೆ ತಕ್ಕಂತೆ ಆಗಿರುತ್ತಿತ್ತು. ಬಾಯಿಗಳು ಸೊಸೆಯಂದಿರ ಮೇಲೆ, ಕೈಗಳು ಮುದ್ದೆಯ ಮೇಲೆ. ಹೊಂಗೆ ಮರದ ಕೆಳಗೆ ಚೌರಪ್ಪ ಬಾಡು ಕೊಚ್ಚುವ ಕತ್ತಿಗಳಿಗೆ ಸಾಣೆ ಹಿಡಿಯುತ್ತಾ ಪಕ್ಕೆ ಒತ್ತಿಕೊಂಡು ಕೂತಿದ್ದ. ಬೀಗರೂಟದ ದಿನ ನಾಯಿಗಳು ಹತ್ತಿರ ಬಾರದಂತೆ ಕಾಯಲು ಕೋಲು ಕೊಟ್ಟು ಒಬ್ಬನನ್ನು ಕೂರಿಸುತ್ತಾರೆ. ಅಂದು ಕೂರಿಸಿದ್ದು ಪುಟ್ಟಸಿದ್ದಮ್ಮನ ಗಂಡನನ್ನು. ಅವನು ಬಾಡಿನ ಉಪ್ಪು ನೋಡಲು ಹೋದವನು ಖಾರವನ್ನೂ ನೋಡುತ್ತಾ ಅಲ್ಲೇ ಉಳಿದ.

ಅಮಲ್ದಾರ ಓಡಿ ಬರಲಿಲ್ಲ, ಕದಿಯುವುದೂ ಅವನ ಅಂತಸ್ತಿಗೆ ಕಡಿಮೆ. ನಿಧಾನವಾಗಿ ನಡೆದು ಬಂದ. ನನ್ನ ಅಂಗೈಯ ಮೇಲಿದ್ದ ಮುದ್ದೆಯನ್ನು ಸರ್ಕಾರಿ ಕಾಗದದ ಹಾಗೆ ಬಾಯಿಗೆ ತೆಗೆದುಕೊಂಡು, ಮರದ ಆಚೆ ಹೋಗಿ, ಎರಡೇ ಗುಟುಕಿಗೆ ನುಂಗಿದ.

ಮೊದಲು ಕೂಗಿದ್ದು ಸಾಲಿನ ಆ ಕೊನೆಯವಳು. "ಯಾಕೋ ಹೊಟ್ಟೆ ಹಿಂಡ್ತಲ್ಲವ್ವಾ!" ಅವಳ ಪಕ್ಕದವಳು, "ನಂಗೂ!" ಅಂದಳು. "ಬಾಡು ಕೆಟ್ಟೈತೆ!" ಎಂದು ಮತ್ತೊಬ್ಬಳು. "ನಮ್ಮ ಮನೆ ಬಾಡು ಕೆಟ್ಟೈತೆ ಅನ್ನೋಳು ಯಾವಳೇ?" ಎಂದು ಪುಟ್ಟಸಿದ್ದಮ್ಮ ಸೌಟು ಹಿಡಿದು ಎದ್ದಳು. "ಇನ್ನೂ ಯಾರೂ ತಿಂದೇ ಇಲ್ಲ ಕಣ್ರೇ!" ಹತ್ತು ಹೆಂಗಸರು ಹತ್ತು ರಾಗಿಗೈಗಳಿಂದ ಎಡಪಕ್ಕೆ ಹಿಡಿದುಕೊಂಡು ಜಗಳ ಆಡುತ್ತಿದ್ದರು. ನಾನು ಮಾತ್ರ ಬಾಯಿ ಮುಚ್ಚಿಕೊಂಡಿದ್ದೆ. ನನ್ನ ಎಡಪಕ್ಕೆಯ ಕೆಳಗೂ ಅದು ಬಂದಿತ್ತು. ನಾಯಿಯದು, ಹಳೆಯದು, ಒಳಗೆ ಬೆಳೆದದ್ದು, ಅಷ್ಟು ಗೊತ್ತಾಯಿತು. ಆದರೆ ತೀರಾ ತೆಳು. ಒಂದು ಲೋಟ ಮಜ್ಜಿಗೆಗೆ ಒಂದು ಬಿಂದಿಗೆ ನೀರು ಬೆರೆಸಿದ ಹಾಗೆ.

ತಲೆ ಎತ್ತಿ ಹೊಂಗೆ ಮರದ ಕಡೆ ನೋಡಿದೆ. ಚೌರಪ್ಪ ನೆಟ್ಟಗೆ ನಿಂತಿದ್ದ. ಎರಡು ತಿಂಗಳಲ್ಲಿ ಮೊದಲ ಸಲ ಅವನ ಪೂರ್ತಿ ಎತ್ತರ ಕಂಡಿತು. ತನ್ನ ಹೊಟ್ಟೆಯನ್ನು ತಾನೇ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದ. ಆಮೇಲೆ ನಾಯಿಯ ಮೀಸೆಗೆ ಅಂಟಿದ ರಾಗಿಯನ್ನು ನೋಡಿದ, ನಮ್ಮ ಸಾಲನ್ನು ನೋಡಿದ, ಅವನ ಮುಖ ಕಪ್ಪಿಟ್ಟಿತು. "ಅಯ್ಯಯ್ಯೋ, ಮದುವೆ ಮನೆ ಹೆಣ್ಮಕ್ಕಳಿಗೆ ನನ್ನ ನೋವಾ!" ಎನ್ನುತ್ತಾ ಜೇಬಿನಿಂದ ಒಂದು ಚೂರು ಬನ್ನು ತೆಗೆದು ಅಮಲ್ದಾರನ ಬಾಯಿಗೆ ಇಟ್ಟೇಬಿಟ್ಟ. ನಮ್ಮ ಹನ್ನೊಂದು ಹೊಟ್ಟೆಗಳು ತಣ್ಣಗಾದವು. ಅವನು ಮತ್ತೆ ಬಗ್ಗಿ, ಮರಕ್ಕೆ ಒರಗಿ, ನಮಗೆಲ್ಲ ಕೈಮುಗಿದ.

ಪುಟ್ಟಸಿದ್ದಮ್ಮನ ಕಣ್ಣು ತುಂಬಿತ್ತು. "ನಾವು ಹಿಂಗೆ ಹಿಡ್ಕೊಂಡಿದ್ದನ್ನ ಈ ಮುದುಕಪ್ಪ ಒಬ್ನೇ ಹೊತ್ಕೊಂಡು ತಿರುಗ್ತಾನೇನೇ?"

"ಮುದ್ದೆ ತಿರುಗ್ಸಿದ ಹನ್ನೊಂದು ಕೈಗೂ ಹನ್ನೊಂದು ಪಾಲಾದ್ರೆ ಹೊಟ್ಟೆನೋವು," ಎಂದೆ. ನನ್ನ ಧ್ವನಿ ನನಗೇ ದೊಡ್ಡದಾಗಿ ಕೇಳಿಸಿತು. "ಇನ್ನೂರು ಪಾಲು ಮಾಡಿದ್ರೆ ಏನಾಯ್ತದೆ? ಹೇಳ್ರೇ! ಹತ್ತು ಜನರ ಕಡ್ಡಿ ಒಬ್ಬನಿಗೆ ಹೊರೆ ಅಂತ ಗಾದೆ ಹೇಳ್ಕೊಂಡು ತಿರುಗ್ತೀವಿ. ಆ ಹೊರೆನ ಬಿಚ್ಚಿ ಹಂಚೋದು ಯಾರಿಗೂ ಹೊಳೀಲಿಲ್ವಲ್ಲ!" ಒಂದು ಮನೆಗೆ ಒಂದೇ ಕೈ ಅನ್ನುವ ಕಟ್ಟಳೆಯನ್ನು ಅಷ್ಟು ತಲೆಮಾರು ಎಷ್ಟು ಭಕ್ತಿಯಿಂದ ಕಾಪಾಡಿದ್ದೆವೆಂದರೆ, ಅದನ್ನು ತಪ್ಪಿಸಲು ಒಂದು ನಾಯಿ ಬರಬೇಕಾಯಿತು.

ಡಾಕ್ಟರಿಗೆ ಹೇಳಿದಾಗ ಅವರು ಸ್ಲೇಟು ತೆಗೆದು ಲೆಕ್ಕ ಹಾಕಿದರು, ಅಳಿಸಿದರು, ಮತ್ತೆ ಹಾಕಿದರು. "ಇನ್ನೂರು ಕೈ ಇದ್ರೆ ಕತ್ತರಿ ಹಿಡೀತೀನಿ. ಗುರುವಾರ ಹತ್ತು ಗಂಟೆ. ನಿನ್ನ ಕೈ ಮಾತ್ರ ಅದರಲ್ಲಿ ಇರಬಾರ್ದು," ಎಂದು ಬೆರಳು ತೋರಿಸಿದರು.

ಬುಧವಾರವೆಲ್ಲ ಊರು ಸುತ್ತಿ ಹೇಳಿಬಂದೆ. ಎಲ್ಲರೂ 'ಬರ್ತೀವಿ, ಅದಕ್ಕೇನಂತೆ' ಎಂದರು. ಮಿಲ್ಲಿನ ಯಜಮಾನಿ ಒಬ್ಬರೇ ನೇರವಾಗಿ, "ಬೀದಿ ನಾಯಿ ನೋವು ನಾನ್ಯಾಕೆ ತಿನ್ಲಿ ದುಂಡಮ್ಮ?" ಅಂದದ್ದು. ನಿಜ ಹೇಳಿದವರು ಅವರೇ ಎಂದು ಗುರುವಾರ ಗೊತ್ತಾಯಿತು. ಹತ್ತು ಗಂಟೆಗೆ ಡಾಕ್ಟರ ಅಂಗಳದಲ್ಲಿ ಬೀಗರೂಟದ ಹತ್ತು ಹೆಂಗಸರು, ಪುಟ್ಟಸಿದ್ದಮ್ಮನ ತಪ್ಪಿತಸ್ಥ ಗಂಡ, ದಾರಿ ತಪ್ಪಿ ಬಂದಿದ್ದ ಇಬ್ಬರು ಸೀಬೆಹಣ್ಣಿನವರು, ಇಷ್ಟೇ ಜನ. ಹತ್ತೂವರೆ ಆಯಿತು, ಹನ್ನೊಂದಾಯಿತು. ಪರಾತದಲ್ಲಿ ಒಬ್ಬರ ತಲೆಯಷ್ಟು ದೊಡ್ಡ ಮುದ್ದೆ ಆರುತ್ತಾ ಕೂತಿತ್ತು. ಚೌರಪ್ಪ ಎದ್ದ. "ಬಂದೋರೆಲ್ಲ ದೊಡ್ಡ ಮನಸ್ಸಿನೋರು. ಇರ್ಲಿ ಬಿಡ್ರವ್ವ. ನಾನೂ ಅವ್ನೂ ಮನೆಗೋಯ್ತೀವಿ," ಎಂದು ಗಾಡಿಗೆ ಕೈ ಹಾಕಿದ. ಗಾಡಿ ಅಲುಗಿದಾಗ ಅದರ ಗಂಟೆ ಒಂದು ಸಲ ಠಣ್ ಎಂದಿತು.

ಎದುರು ಮನೆಯ ಬಾಗಿಲು ತೆರೆಯಿತು. ಒಬ್ಬ ಹೆಂಗಸು ಈಳಿಗೆಮಣೆ ಹಿಡಿದುಕೊಂಡು ಹೊರಗೆ ಬಂದು, "ನಿಲ್ಲು ಚೌರಣ್ಣ, ಇದೊಂದು ಹಿಡ್ಕೊಡು," ಎಂದಳು.

ನನಗೆ ನಗು ಬಂತು, ತಡೆಯಲಾಗದ ನಗು. ಮೂವತ್ತು ವರ್ಷದಿಂದ ಆ ಗಂಟೆ ಕೇಳಿದರೆ ಊರು ಕೆಲಸ ಬಿಟ್ಟು ಹೊರಗೆ ಬರುತ್ತದೆ. ನಾನು ಎಂಥ ಪೆದ್ದಿ, ಗಂಟೆ ಬಿಟ್ಟು ಬಾಯಿ ಬಡಿದುಕೊಂಡು ತಿರುಗಿದ್ದೆ! ಪರಾತ ಎತ್ತಿ ಸಾಣೆಕಲ್ಲಿನ ಪಕ್ಕ ಇಟ್ಟೆ. "ಚೌರಣ್ಣ, ಗಾಡಿ ತಳ್ಳು. ಗಂಟೆ ನಿಲ್ಲಿಸ್ಬೇಡ."

ಹೊರಟೆವು. ಮುಂದೆ ಅಮಲ್ದಾರ, ಹಿಂದೆ ಗಂಟೆ, ಗಾಡಿಯ ಪಕ್ಕ ನನ್ನ ಬಾಯಿ. ಮನೆಮನೆಯಿಂದ ಚಾಕು, ಕುಡುಗೋಲು, ಅಡಕತ್ತರಿ ಹಿಡಿದು ಜನ ಬಂದರು. ಮೊದಲು ಮುದ್ದೆ ಮುಟ್ಟು, ಆಮೇಲೆ ಸಾಣೆ, ಇದು ನಾನು ಹಾಕಿದ ಷರತ್ತು. "ನೋಯುತ್ತಾ ಅಕ್ಕಾ?" ಎಂದರು. "ಇಷ್ಟು ವರ್ಷ ನಿನ್ನ ಎಮ್ಮೆ ಕೊಂಬು ಯಾರ ತಲೇಲಿ ನೋಯ್ತಿತ್ತೋ?" ಎಂದೆ. ಹಿಂಜರಿದ ದರ್ಜಿಗೆ, "ನಿನ್ನ ಕತ್ತರಿ ಊರಿಗೇ ಹರಿತ ಅಂತ ಮೆರೀತೀಯಲ್ಲ, ಯಾರ ಕೈ ಮಹಿಮೆ ಅದು?" ಎಂದೆ. ದರ್ಜಿ ಮುಟ್ಟಿದ, ಅಂಗಡಿಯಲ್ಲಿ ಅಳತೆ ಕೊಡುತ್ತಿದ್ದ ಇಬ್ಬರನ್ನೂ ಕರೆದು ಮುಟ್ಟಿಸಿದ. ಕ್ಷೌರದಂಗಡಿಯಲ್ಲಿ ಅರ್ಧ ಮುಖ ನೊರೆ ಹಚ್ಚಿಕೊಂಡವರು ಎದ್ದುಬಂದರು. ಶಾಲೆಯ ಹತ್ತಿರ ಹೆಡ್‌ಮಿಸ್ಸು ಮಕ್ಕಳನ್ನು ಒಳಗೆ ಕೂರಿಸಿ, ಟೀಚರುಗಳನ್ನೆಲ್ಲ ಸಾಲಾಗಿ ಹೊರಗೆ ಕಳಿಸಿದರು. ಒಂದೊಂದು ಕೈಯೂ ಮುದ್ದೆಯನ್ನು ಒಂದು ಸುತ್ತು ತಿರುಗಿಸಿ ಮುಂದಕ್ಕೆ ಕೊಡುತ್ತಿತ್ತು. ನಾನು ಪರಾತದ ಅಂಚು ಮಾತ್ರ ಹಿಡಿದಿದ್ದೆ. ಮಿಲ್ಲಿನ ಗೇಟಿನ ಮುಂದೆ ಯಜಮಾನಿ ಒಂದು ಹಣ್ಣು ಕುಯ್ಯುವ ಚಾಕು ಹಿಡಿದು ನಿಂತಿದ್ದರು. ಅದು ಆಗಲೇ ಮಿರಮಿರ ಮಿಂಚುತ್ತಿತ್ತು. ನಾನೇನೂ ಕೇಳಲಿಲ್ಲ. ಅವರು ಪಿಂಕಿಯನ್ನು ಕಂಕುಳಲ್ಲಿ ಒತ್ತಿಕೊಂಡು ಒಂದೇ ಒಂದು ಬೆರಳು ಮುದ್ದೆಗೆ ತಾಗಿಸಿ, ನನ್ನ ಮುಖ ನೋಡಿ, ಆಮೇಲೆ ಪೂರ್ತಿ ಅಂಗೈ ಇಟ್ಟರು.

ಡಾಕ್ಟರ ಅಂಗಳಕ್ಕೆ ಮರಳುವಾಗ ಅರ್ಧ ಊರು ನಮ್ಮ ಹಿಂದೆ ಇತ್ತು. ಪುಟ್ಟಸಿದ್ದಮ್ಮನ ಗಂಡ ಕೈಗಳನ್ನು ಎಣಿಸುತ್ತಾ ಬಂದಿದ್ದ, ಆ ದಿನ ಅವನು ಬೇರೆಲ್ಲೂ ಉಪ್ಪು ನೋಡಲು ಹೋಗಲಿಲ್ಲ. ಮುನ್ನೂರ ಆರು. ಎಲ್ಲರೂ ಗೆದ್ದೆವು ಅಂದುಕೊಂಡು ಚೌರಪ್ಪನ ಕೈಗೆ ಮುದ್ದೆ ಕೊಟ್ಟೆವು. ಅವನು ಅದನ್ನು ಅಮಲ್ದಾರನ ಮುಂದೆ ಹಿಡಿದ.

ಅಮಲ್ದಾರ ಮೂಸಿದ. ಮುನ್ನೂರ ಆರು ಕೈಗಳ ಸೋಪು, ನೊರೆ, ಸೀಮೆಸುಣ್ಣ, ಮೀನು, ಮೆಷಿನ್ ಎಣ್ಣೆ ಎಲ್ಲ ಆ ಮುದ್ದೆಯಲ್ಲಿದ್ದವು. ಅವನು ಒಂದು ಹೆಜ್ಜೆ ಹಿಂದೆ ಸರಿದು, ಅರ್ಜಿ ತಿರಸ್ಕರಿಸಿದವನಂತೆ ಮುಖ ತಿರುಗಿಸಿ ಕೂತ.

"ತಿನ್ನೋ," ಎಂದರು ಯಾರೋ. "ತಿನ್ನಪ್ಪ ನಮ್ಮಪ್ಪ," ಎಂದರು ಇನ್ಯಾರೋ. ಊರಿಗೆ ಊರೇ ಒಂದು ನಾಯಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಬೇಡುತ್ತಿತ್ತು. ಹೋಟೆಲಿನವನು ಓಡಿಹೋಗಿ ಮೂಳೆಸಾರು ತಂದು, ಮುದ್ದೆ ಹಿಡಿದ ಚೌರಪ್ಪನ ಅಂಗೈಗೆ ಸುರಿದ. ಅಮಲ್ದಾರ ಸಾರನ್ನು ಅಚ್ಚುಕಟ್ಟಾಗಿ ನೆಕ್ಕಿ ಮುದ್ದೆಯನ್ನು ಹಾಗೇ ಬಿಟ್ಟ. ಡಾಕ್ಟರು ಗಡಿಯಾರ ನೋಡಿದರು. ನನ್ನ ಬಿಪಿ ಎಷ್ಟಿತ್ತೋ ದೇವರೇ ಬಲ್ಲ. ಆಗ ಚೌರಪ್ಪ ಕಷ್ಟಪಟ್ಟು ನೆಲಕ್ಕೆ ಕೂತು, ಮುದ್ದೆಯಿಂದ ಒಂದು ಚೂರು ಮುರಿದು, ನಮ್ಮೆಲ್ಲರ ಎದುರಿಗೆ ತಾನೇ ಬಾಯಿಗೆ ಹಾಕಿಕೊಂಡ. ಅಗಿದ. "ಚೆನ್ನಾಗೈತೆ ಕಣೋ," ಎಂದ. "ಊರಿನ ರುಚಿ ಐತೆ." ಇನ್ನೊಂದು ಚೂರು ಮುರಿದು ಅಂಗೈಯಲ್ಲಿ ಹಿಡಿದ. ಅಮಲ್ದಾರ ಆ ಮುಖವನ್ನು ನೋಡಿದ, ಕೈಯನ್ನು ನೋಡಿದ. ಹದಿಮೂರು ವರ್ಷದಲ್ಲಿ ಆ ಕೈ ಯಾವತ್ತೂ ಕೆಟ್ಟದ್ದು ಕೊಟ್ಟಿರಲಿಲ್ಲ. ಬಂದು ತಿಂದ. ಆಮೇಲೆ ಉಳಿದದ್ದನ್ನೂ ತಿಂದ, ಪರಾತವನ್ನೂ ನೆಕ್ಕಿದ. ಚೌರಪ್ಪ ಯಾರ ಆಸರೆಯೂ ಇಲ್ಲದೆ ಎದ್ದು ನೆಟ್ಟಗೆ ನಿಂತ.

ಡಾಕ್ಟರು ಬಾಗಿಲು ತೆರೆದಿಟ್ಟೇ ಕತ್ತರಿ ಹಿಡಿದರು. ನನ್ನ ಕಾಲುಗಳ ಅಭ್ಯಾಸ, ಮಂಚ ಹುಡುಕಿಕೊಂಡು ಹೋಗಿ ಅದರ ಅಂಚಿನಲ್ಲಿ ಕೂತು ಹಲ್ಲು ಕಚ್ಚಿದೆ. ಏನೂ ಬರಲಿಲ್ಲ. ಹೊರಗೆ ದರ್ಜಿ "ಹ್ಞಾಂ" ಎಂದ. ಹೆಡ್‌ಮಿಸ್ಸು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು, "ಇದೇನಾ?" ಎಂದರು. ಸೀಬೆಹಣ್ಣಿನವನೊಬ್ಬ, "ನಂಗೆ ಕಚಗುಳಿ ಆಯ್ತೈತೆ," ಎಂದ. ಯಾರೋ ಕಿಸಕ್ಕೆಂದು ನಕ್ಕರು. ಆ ನಗು ಅಂಗಳ ದಾಟಿ ಬೀದಿಗೆ ಹೋಯಿತು, ಬೀದಿಯ ಆ ಕೊನೆಯಲ್ಲಿ ಕ್ಷೌರದಂಗಡಿಯವನೂ ನಗುತ್ತಿದ್ದುದು ಕೇಳಿಸಿತು. ಒಳಗೆ ಡಾಕ್ಟರು ನಿಂಬೆಹಣ್ಣಿನ ಗಾತ್ರದ ಗೆಡ್ಡೆಯನ್ನು ತಟ್ಟೆಗೆ ಹಾಕಿದರು. "ನಗ್ಬೇಡ್ರಯ್ಯ, ಹೊಲಿಗೆ ಹಾಕ್ತಿದೀನಿ!" ಎಂದು ಗದರಿದವರು ತಾವೇ ನಗುತ್ತಿದ್ದರು. ನಾನು ಮಾತ್ರ ಖಾಲಿ ಮೈಯಲ್ಲಿ ಮಂಚದ ಮೇಲೆ ಕೂತು ಅತ್ತುಬಿಟ್ಟೆ. ಕಸುಬು ಹೋಯಿತೆಂದು ಅತ್ತೆನೋ, ಅಮಲ್ದಾರ ಉಳಿದನೆಂದು ಅತ್ತೆನೋ, ಆಗ ಬಿಡಿಸಿ ನೋಡುವ ತಾಳ್ಮೆ ಇರಲಿಲ್ಲ. ಈಗ ನೋಡಿದರೆ ಎರಡೂ ಇತ್ತು, ಸಂತೋಷದ್ದೇ ಪಾಲು ಹೆಚ್ಚು.

ಈಗ ಪ್ರತಿ ಗುರುವಾರ ಗಾಡಿ ಹೊರಡುತ್ತದೆ. ಗಂಟೆ ಚೌರಪ್ಪನದು, ಬಾಯಿ ನನ್ನದು. ಮುದ್ದೆ ಮುಟ್ಟುವ ಮನೆಯವರು ಒಂದೊಂದು ಹಿಡಿ ರಾಗಿ ಹಿಟ್ಟು ಹಾಕುತ್ತಾರೆ, ಅದರಲ್ಲಿ ನನ್ನ ಹೊಟ್ಟೆಯೂ ನಡೆಯುತ್ತದೆ. ಅಗಸರ ಕತ್ತೆ, ಇಸ್ತ್ರಿಯವಳ ಗಿಣಿ, ಯಾವ ಮನೆಗೂ ಸೇರದ ನಾಯಿಗಳು, ಎಲ್ಲ ಆ ಮೆಟ್ಟಿಲು ಹತ್ತಿವೆ. ಗಿಣಿಗೆ ಮುದ್ದೆ ಇಳಿಯುವುದಿಲ್ಲ, ಅದಕ್ಕೆ ಒಂದು ಮೆಣಸಿನಕಾಯಿಯನ್ನು ಊರೆಲ್ಲ ತಿರುಗಿಸಿದೆವು. ಕೈ ತೊಳೆದುಕೊಂಡು ಮುಟ್ಟಬೇಕೆಂದು ಡಾಕ್ಟರು ಹೊಸ ಕಟ್ಟಳೆ ಮಾಡಿದ್ದಾರೆ, ಅಮಲ್ದಾರನ ಮರ್ಯಾದೆಗೋಸ್ಕರ.

ಇವನ್ನೆಲ್ಲ ಬರೆಯಲು ಕೂತದ್ದು ಇವತ್ತು ಬೆಳಗ್ಗೆ ಆದದ್ದನ್ನು ಹೇಳಲಿಕ್ಕೆ. ಬೂದು ಬೆಕ್ಕು ಎಂದಿನಂತೆ ಗೋಡೆಯ ಮೇಲೆ ಮುಖ ಸಿಂಡರಿಸಿಕೊಂಡು ಕೂತಿತ್ತು. ಹಾಲನ್ನ ಕಲಸಿ ಸೌಟು ಎತ್ತಿದೆ. ಕೈ ಖಾಲಿ ಇಟ್ಟುಕೊಳ್ಳಬೇಕಾದ ಕಸುಬೇ ಇಲ್ಲವಲ್ಲ, ಇನ್ನು ಈ ಸೌಟು ಯಾತಕ್ಕೆ ಎಂದು ಥಟ್ಟನೆ ಹೊಳೆಯಿತು. ಅದನ್ನು ಕೆಳಗಿಟ್ಟು ಒಂದು ತುತ್ತು ಅಂಗೈಯಲ್ಲಿ ಹಿಡಿದೆ. ಬೆಕ್ಕು ಬಹಳ ಹೊತ್ತು ಯೋಚಿಸಿತು. ಆಮೇಲೆ ಗೋಡೆ ಇಳಿದು ಬಂದು ತಿಂದಿತು.

ನನ್ನ ಎಡಗಿವಿಯೊಳಗೆ ಕಾದ ಸೂಜಿ ಇಟ್ಟ ಹಾಗಾಯಿತು. ಹಳೆಯ ನೋವು, ವರ್ಷಗಳ ನೋವು. ನನ್ನ ಗೋಡೆಯ ಮೇಲೆ, ನನ್ನ ಕಣ್ಣೆದುರಿಗೆ ಅದು ಇಷ್ಟು ದಿನ ಇದನ್ನು ಇಟ್ಟುಕೊಂಡು ಕೂತಿತ್ತು. ಊರಿನ ನೋವನ್ನೆಲ್ಲ ಉಜ್ಜಿ ನೋಡಿ ಹೆಸರು ಹೇಳುತ್ತಿದ್ದವಳು ಇದಕ್ಕೆ ಸಿಡುಕು ಸ್ವಭಾವ ಎಂದು ಹೆಸರಿಟ್ಟಿದ್ದೆ. ಕಿವಿ ಒತ್ತಿ ಹಿಡಿದು ಅಲ್ಲೇ ಕೂತೆ. ಬೆಕ್ಕು ತಲೆಯನ್ನು ಒಂದು ಸಲ ಜೋರಾಗಿ ಕೊಡವಿತು. ಮತ್ತೆ ಕೊಡವಿತು, ನೋವು ಎಲ್ಲಿ ಹೋಯಿತೆಂದು ನೋಡುವ ಹಾಗೆ. ಆಮೇಲೆ ನನ್ನ ತೊಡೆ ಹತ್ತಿ, ಸುರುಳಿ ಸುತ್ತಿಕೊಂಡು, ಗುರುಗುಟ್ಟತೊಡಗಿತು.

ಇವತ್ತು ಸೋಮವಾರ. ಗುರುವಾರದ ಗಾಡಿಗೆ ಇನ್ನೂ ಮೂರು ದಿನ. ಪುಟ್ಟಸಿದ್ದಮ್ಮ ಬೇಲಿಯಾಚೆಯಿಂದ ನನ್ನನ್ನು ನೋಡಿ, "ಏನೇ ದುಂಡಿ, ಕಿವಿ ಹಿಡ್ಕೊಂಡು ನಗ್ತಿದೀಯಲ್ಲ, ಯಾರ ನೋವೇ ಅದು? ಕೊಡು ಇಲ್ಲಿ, ನಾನೊಂದು ತುತ್ತು ತಿನ್ಸಿ ಸಂಜೆಗಂಟ ಇಟ್ಕೊತೀನಿ," ಎಂದು ಕೈ ಚಾಚಿದಳು.

"ಹೋಗೇ," ಎಂದೆ. "ಗುರುವಾರ ಎಲ್ಲರಿಗೂ ಕೊಡ್ತೀನಿ. ಅಲ್ಲೀಗಂಟ ಇದು ನಂದು."